ಕಾಫಿಪುಡಿ ಬಣ್ಣದ ಪೆಲೆಟ್ಟು

ಚಾಚಾರಿಗೆ ಬಲಗಡೆಯ ಹುಬ್ಬು ಇರಲಿಲ್ಲ. ಹುರಿಯುವ ಡ್ರಮ್ಮಿನೊಳಗೆ ಇಣುಕಿ ಇಣುಕಿ ಸುಟ್ಟುಹೋಗಿತ್ತು. ಚೂರು ಕೂದಲು ಮೂಡಿತೆನ್ನುವಾಗ ಮತ್ತೆ ಇಣುಕುತ್ತಿದ್ದರು.

ಕಲಬುರಗಿ ಕಡೆಯವರು. ಮುಂಬಯಿಯ ಅಂಧೇರಿಯಲ್ಲಿ ಒಂದು ತಗಡಿನ ಶೆಡ್ಡಿನಲ್ಲಿ ಮಾರ್ಕೆಟ್ಟಿನ ಕಸದಿಂದ ಉರುವಲು ಮಾಡುತ್ತಿದ್ದರು. ಬಾಡಿದ ಹೂವು, ಎಳನೀರಿನ ಬುರುಡೆ, ಸೊಪ್ಪಿನ ದಂಟು ಎಲ್ಲ ಒಣಗಿಸಿ, ಪುಡಿ ಮಾಡಿ, ಯಂತ್ರದಲ್ಲಿ ಒತ್ತಿದರೆ ಬಳಪದಂಥ ಪೆಲೆಟ್ಟು. ಅಷ್ಟನ್ನು ಯಾರು ಬೇಕಾದರೂ ಮಾಡುತ್ತಾರೆ. ಚಾಚಾ ಮಾತ್ರ ಒತ್ತುವ ಮೊದಲು ಪುಡಿಯನ್ನು ಮುಚ್ಚಿದ ಡ್ರಮ್ಮಿನಲ್ಲಿ ಕಾಫಿಪುಡಿಯ ಬಣ್ಣ ಬರುವವರೆಗೆ ಹುರಿಸುತ್ತಿದ್ದರು. ಹಾಗೆ ಮಾಡಿದ್ದು ಮಳೆಗಾಲದ ತೇವಕ್ಕೂ ಜಗ್ಗುವುದಿಲ್ಲ. ಬಂದವರಿಗೆ ತೋರಿಸಲೆಂದೇ ಸ್ಟೀಲ್ ಲೋಟದ ನೀರಿನಲ್ಲಿ ಒಂದು ಪೆಲೆಟ್ಟು ಮುಳುಗಿಸಿಟ್ಟಿದ್ದರು. ಅದರ ಮೇಲೆ ಅವರಿಗೆ ಮಕ್ಕಳ ಮೇಲಿದ್ದುದಕ್ಕಿಂತ ಹೆಚ್ಚು ಹೆಮ್ಮೆ.

ಹುರಿಯುವ ಕೆಲಸ ನನ್ನದು. ಎಲ್ಲೂ ಕೆಲಸ ಸಿಗದೆ ಅಲೆಯುತ್ತಿದ್ದವಳನ್ನು ಕರೆದು ಕಲಿಸಿದ್ದರು. "ಗಡಬಡ ಮಾಡಬ್ಯಾಡ ಬೇಟಿ. ರವಾ ಹುರದಂಗ ಹುರಿ. ಹಸಿ ಉಳೀತಂದ್ರ ನೀರು ಕುಡೀತದ."

ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದು ತನ್ನ ಬಾಯ್ಲರಿಗೆ ನಮ್ಮ ಮಾಲನ್ನು ಪರೀಕ್ಷಿಸಲು ಒಪ್ಪಿತು. ಅವರು ಮೆಚ್ಚಿದರೆ ಶೆಡ್ಡು ಉಳಿಯುತ್ತಿತ್ತು, ಇಲ್ಲದಿದ್ದರೆ ಬಾಗಿಲು ಹಾಕಬೇಕಿತ್ತು. ಇದು ನನಗೂ ಗೊತ್ತಿತ್ತು. ಮಾಲು ಕಳಿಸುವ ಹಿಂದಿನ ಸಂಜೆ ಕೊನೆಯ ಡ್ರಮ್ಮಿನ ಪುಡಿ ಇನ್ನೂ ಬೆಲ್ಲದ ಬಣ್ಣದಲ್ಲಿತ್ತು. ಅಂಧೇರಿಯಿಂದಲೇ ಹೊರಡುವ ಬೊರಿವಲಿ ಲೋಕಲ್ ರೈಲು ತಪ್ಪಿದರೆ ಮುಂದಿನದರಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಡ್ರಮ್ಮು ಇಳಿಸಿ, ಪುಡಿಯನ್ನು ಯಂತ್ರಕ್ಕೆ ಸುರಿದು, ಓಡಿದೆ.

ಮೂರನೆಯ ದಿನ ಮಳೆ ಹಿಡಿಯಿತು. ಕಾರ್ಖಾನೆಯಲ್ಲಿ ಕೆಲವು ಚೀಲಗಳು ಉಬ್ಬಿ, ಒಳಗೆಲ್ಲ ಅಂಬಲಿಯಾಗಿತ್ತು. ಮ್ಯಾನೇಜರು ಎಲ್ಲ ಮಾಲನ್ನೂ ವಾಪಸು ಕಳಿಸಿದ. ಚಾಚಾ ಒಂದು ಚೀಲಕ್ಕೆ ಕೈ ಹಾಕಿ, ಬೆರಳ ನಡುವೆ ಹಿಸುಕಿ, ಬಣ್ಣ ನೋಡಿದರು. ತಪ್ಪು ತಮ್ಮದೇ ಎಂದು ಫೋನಿನಲ್ಲಿ ಮ್ಯಾನೇಜರನಿಗೆ ಹೇಳಿದರು. ಪಕ್ಕದಲ್ಲೇ ಇದ್ದ ನಾನು ಉಬ್ಬಿದ ಚೀಲಗಳನ್ನು ಮೂಲೆಗೆ ಎಳೆಯತೊಡಗಿದೆ.

ಶೆಡ್ಡು ಮುಚ್ಚಿತು. ಆ ಕಸವೆಲ್ಲ ಈಗ ಲಾರಿ ಹತ್ತಿ ಡಂಪಿಂಗ್ ಗ್ರೌಂಡಿಗೆ ಹೋಗಿ ಕೊಳೆಯುತ್ತದೆ. ಚಾಚಾ ಮನೆ ಹಿಡಿದರು, ಆಮೇಲೆ ಆಸ್ಪತ್ರೆಯ ಮಂಚ ಹಿಡಿದರು. ಒಪ್ಪಿಕೊಳ್ಳಬೇಕೆಂದೇ ನೋಡಲು ಹೋದೆ. ಬಲಗಡೆಯ ಹುಬ್ಬು ಪೂರ್ತಿ ಬೆಳೆದಿತ್ತು. ಅದನ್ನು ಕಂಡೇ ನನಗೆ ಅಳು ಬಂತು. ನಾನು ಬಾಯಿ ತೆರೆಯುವ ಮೊದಲೇ ಅವರು ಕೇಳಿದರು, "ಅವತ್ತು ಲೋಕಲ್ ಸಿಕ್ತೇನ್ ಬೇಟಿ?"

ಹೂಂ ಎಂದಷ್ಟೇ ಹೇಳಿದೆ. ಮರುವಾರ ಅವರು ಹೋಗಿಬಿಟ್ಟರು.

ಲೋಕಲ್ ಸಿಕ್ಕಿತ್ತು. ಕಿಟಕಿ ಪಕ್ಕದ ಸೀಟೂ ಸಿಕ್ಕಿತ್ತು.