ಅಪ್ಪನ ಬೂಟಿಗೆ ಅಕ್ಕ ಬಳಿದ ಸುಣ್ಣ

ನಾನು ಚಿಕ್ಕವನಿದ್ದಾಗ ನಮ್ಮ ಅಪ್ಪನಿಗೆ ಚೆಂಡು ಹಿಡಿಯುವುದೇ ನೌಕರಿ. ನಗಬೇಡಿ, ನಿಜ ಹೇಳುತ್ತಿದ್ದೇನೆ. ಹುಬ್ಬಳ್ಳಿಯ ಒಂದು ಗಿರಣಿಯವರು ತಮ್ಮ ಕ್ರಿಕೆಟ್ ತಂಡಕ್ಕೆಂದೇ ಅಪ್ಪನನ್ನು ಸೇರಿಸಿಕೊಂಡಿದ್ದರು. ಬ್ಯಾಟು ಹಿಡಿದರೆ ಅಪ್ಪ ಬಂದ ದಾರಿಗೆ ಸುಂಕವಿಲ್ಲ ಎಂದು ಬೇಗನೆ ಮರಳುತ್ತಿದ್ದರು. ಆದರೆ ಬೌಂಡರಿ ಗೆರೆಯ ಹತ್ತಿರ ನಿಂತರೆ ಚೆಂಡು ಅವರನ್ನು ದಾಟುವುದು ಅಪರೂಪ. ಕೆಲಸ ಮಾತ್ರ ಇನ್ನೂ ಕಾಯಂ ಆಗಿರಲಿಲ್ಲ.

ಆ ಭಾನುವಾರದ ಮ್ಯಾಚು ನೋಡಿ ಕಾಯಂ ಮಾಡುವ ವಿಚಾರ ಹೇಳುತ್ತೇನೆ ಎಂದಿದ್ದರು ಗಿರಣಿಯ ಸಾಹೇಬರು. ಬರಿಗಾಲಲ್ಲಿ ಮೈದಾನಕ್ಕೆ ಇಳಿಯಬಾರದು ಎಂದೂ ಅಪ್ಪಣೆಯಾಗಿತ್ತು. ಅಪ್ಪ ಹುಟ್ಟಿದಾಗಿನಿಂದ ಬರಿಗಾಲಲ್ಲೇ ಓಡಿದವರು. ಯಾರದೋ ಹಳೆಯ ಕ್ಯಾನ್ವಾಸ್ ಬೂಟು ತಂದರು. ಅದು ಮಾಸಿತ್ತೆಂದು ಅಕ್ಕ ಗೋಡೆಗೆ ಬಳಿಯುವ ಸುಣ್ಣಕ್ಕೆ ಚೂರು ನೀಲಿ ಬೆರೆಸಿ, ಎರಡು ಸಲ ಬಳಿದು ಬಿಸಿಲಿಗಿಟ್ಟಳು. ಒಣಗಿದ ಬೂಟು ಬೆಳ್ಳಗೇನೋ ಆಗಿತ್ತು, ಆದರೆ ಹಲಗೆಯಂತೆ ಗಟ್ಟಿಯಾಗಿತ್ತು.

ಮೈದಾನದ ತುಂಬ ಕಾದ ಮಣ್ಣಿನ, ಹುರಿದ ಶೇಂಗಾದ ವಾಸನೆ. ಅಪ್ಪ ಓಡಿದರೆ ಬೂಟು ಬಾಗುತ್ತಲೇ ಇರಲಿಲ್ಲ. ಬೆವರಿಗೆ ಸುಣ್ಣ ನೆನೆದು ಕಾಲು ಬೇರೆ ಉರಿಯತೊಡಗಿತು. ಸುಲಭದ ಎರಡು ಚೆಂಡು ಅವರನ್ನು ದಾಟಿಹೋದವು. ಸಾಹೇಬರು ಮುಖ ಗಂಟಿಕ್ಕಿದರು. ನೌಕರಿ ಹೋಯಿತೆಂದು ನನಗೆ ಅಳುವೇ ಬಂತು.

ಅಕ್ಕನಿಗೆ ತಡೆಯಲಾಗಲಿಲ್ಲ. ಗೆರೆಯವರೆಗೆ ಓಡಿಹೋಗಿ, "ಅಪ್ಪಾ, ಅವನ್ನ ತಗದು ನನ್ ಕೈಯಾಗ ಕೊಡ್ರಿ. ಸಾಹೇಬ್ರು ಬೈದ್ರ ನನಗ ಬೈಲಿ," ಎಂದಳು. ಅಪ್ಪ ಒಮ್ಮೆ ಸಾಹೇಬರತ್ತ ನೋಡಿದರು. ಆಮೇಲೆ ಬೂಟು ಕಳಚಿ ಕೊಟ್ಟೇಬಿಟ್ಟರು.

ಎದುರಾಳಿಗಳಿಗೆ ಗೆಲ್ಲಲು ಇನ್ನೊಂದು ಬೌಂಡರಿ ಸಾಕಿತ್ತು, ಉಳಿದದ್ದು ಒಂದೇ ವಿಕೆಟ್ಟು. ಅವರ ಆಟಗಾರ ಹೊಡೆದ ಚೆಂಡು ಮೇಲಕ್ಕೆ ಹಾರಿತು. ಅಪ್ಪ ಬರಿಗಾಲಲ್ಲಿ ಹಿಂದೆ ಹಿಂದೆ ಓಡಿ, ಗೆರೆಯ ಒಳಗೇ ಜಿಗಿದು ಅದನ್ನು ಹಿಡಿದರು. ನಾವು ಗೆದ್ದೆವು. ಸಾಹೇಬರು ಬಂದು ಅಪ್ಪನ ಕೆಂಪಾದ ಪಾದಗಳನ್ನೇ ನೋಡಿದರು. "ಬೂಟು ಫೋಟೋ ತಗಸೋ ದಿನಾ ಹಾಕ್ಕೋರಿ. ನಾಳೆ ಆಫೀಸಿಗೆ ಬರ್ರಿ, ಕಾಯಂ ಮಾಡ್ತೀನಿ," ಎಂದರು. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಈಗ ಮೊಮ್ಮಕ್ಕಳು ನೀವು ಕಡಲಾಚೆಯ ಈ ಮೌಂಟ್ ರಾಸ್ಕಿಲ್‌ನಲ್ಲಿ ಬರಿಗಾಲಲ್ಲೇ ಶಾಲೆಗೆ ಹೋಗುತ್ತೀರಿ, ಮೂಲೆಯ ಡೇರಿ ಅಂಗಡಿಯಿಂದ ಐಸ್‌ಕ್ರೀಮ್ ತರುತ್ತೀರಿ, ಪಾರ್ಕಿನ ತಣ್ಣನೆಯ ಹುಲ್ಲಿನ ಮೇಲೆ ಸಾಫ್ಟ್‌ಬಾಲ್ ಆಡುತ್ತೀರಿ. ಒಳ್ಳೊಳ್ಳೆಯ ಬೂಟುಗಳು ಬಾಗಿಲಲ್ಲೇ ಬಿದ್ದಿರುತ್ತವೆ. ಮೊನ್ನೆ ನಿಮ್ಮಲ್ಲಿ ಚಿಕ್ಕವಳು ಈ ಕಥೆ ಕೇಳಿ, "ಅಜ್ಜಾ, ಬರಿಗಾಲಲ್ಲಿ ಓಡಿದ್ರ ನೌಕರಿ ಯಾಕ್ ಹೋಗ್ತದ?" ಎಂದಳು. ಎಷ್ಟು ಬಿಡಿಸಿ ಹೇಳಿದರೂ ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾಗಲಿಲ್ಲವಲ್ಲ ಎಂದು ನನಗೆ ಎಷ್ಟು ಸಂತೋಷವಾಯಿತೆಂದರೆ, ಹೇಳುವುದನ್ನೇ ನಿಲ್ಲಿಸಿಬಿಟ್ಟೆ.