ಮುಹೂರ್ತದ ಕಾಂಕ್ರೀಟು

ಎಂಬತ್ತರ ದಶಕದಲ್ಲಿ ಬಸವನಗುಡಿಯ ನಮ್ಮ ಮನೆಯ ಮೇಲೆ ನನಗೆಂದು ಒಂದು ಕೋಣೆ ಕಟ್ಟಿಸುತ್ತಿದ್ದೆವು. ಚಾವಣಿಯ ಮೋಲ್ಡ್ ಒಂದೇ ಸಲಕ್ಕೆ ಹಾಕಿ ಮುಗಿಸಬೇಕು, ಹಳೆಯದಕ್ಕೆ ಹೊಸದು ಸೇರಿಸಿದರೆ ಆ ಸಂದಿನಲ್ಲಿ ನೀರು ಇಳಿಯುತ್ತದೆ ಎಂದು ಅಣ್ಣನಿಗೆ ಹೇಳಿ ಹೇಳಿ ನನಗೆ ಸಾಕಾಗಿತ್ತು. ಆದರೆ ಪುರೋಹಿತರು ಇಟ್ಟ ಮುಹೂರ್ತ ಶುಕ್ರವಾರ. ಆಳುಗಳು ಬರುವುದು ಶನಿವಾರ. ಶುಕ್ರವಾರ ನಾನು ಆಫೀಸಿಗೆ ಹೋದದ್ದೇ ತಡ, ಅಣ್ಣ ಮೇಸ್ತ್ರಿಯನ್ನು ಕರೆಸಿ, ಶಾಸ್ತ್ರಕ್ಕೆಂದು ಎರಡು ಬಾಂಡ್ಲಿ ಕಾಂಕ್ರೀಟನ್ನು ಚಾವಣಿಯ ಈಶಾನ್ಯ ಮೂಲೆಗೆ ಸುರಿಸಿ, ಅರಿಶಿನ ಕುಂಕುಮ ಹಾಕಿಸಿಬಿಟ್ಟಿದ್ದ.

ಮರುದಿನ ಬೆಳಿಗ್ಗೆ ನೋಡಿದರೆ ಅದು ಕಲ್ಲಾಗಿತ್ತು.

“ಮೊದಲು ಇದನ್ನ ಒಡೆದು ತೆಗೀರಿ, ಮೇಸ್ತ್ರಿ,” ಎಂದೆ.

ಅಣ್ಣ ಗದರಿದ: “ಪೂಜೆ ಮಾಡಿರೋದನ್ನ ಒಡೀತಾರೇನೋ? ನಿಂದು ಬರೀ ರೂಲ್ಸ್ ಹೇಳೋ ಡ್ರಿಲ್ ಮಾಸ್ಟರ್ ಬುದ್ಧಿ!”

ಮೇಸ್ತ್ರಿ ನನ್ನ ಮುಖ ನೋಡಲಿಲ್ಲ. “ದೊಡ್ಡೋರು ಹೇಳ್ದಂಗೆ ಮಾಡ್ಬೇಕಲ್ವಾ ಸಾರ್,” ಎಂದು ಅದರ ಸುತ್ತಲೇ ಹೊಸ ಕಾಂಕ್ರೀಟು ಹಾಕಿಸಿದ.

ಮೊದಲ ಜೋರು ಮಳೆಗೇ ಆ ಮೂಲೆ ಸೋರಿತು. ನನ್ನ ಹಾಸಿಗೆಯೆಲ್ಲ ಒದ್ದೆ. ಅಣ್ಣ ತಾನೇ ಬಕೆಟ್ ತಂದಿಟ್ಟು, “ಈಶಾನ್ಯದಲ್ಲಿ ನೀರಿದ್ರೆ ಮನೆಗೆ ಒಳ್ಳೇದು ಕಣೋ,” ಎಂದ.

ನಾನು ಹಾಸಿಗೆ ಸುತ್ತಿಕೊಂಡು ಕೆಳಗಿಳಿದೆ.