ಹಳ್ಳದಾಚೆಯಿಂದ ಓಗೊಡುವವರು

ಮಳೆ ಹಿಂದೆ ಸರಿದು, ಬೆಳಿಗ್ಗೆ ಇಬ್ಬನಿ ಬೀಳತೊಡಗಿ, ಬತ್ತ ಹೊಡೆ ಒಡೆಯೋ ಹೊತ್ತಿಗೆ ನಮ್ಮ ಕಡೆ ದೀಪಾವಳಿ. ವರ್ಷದಲ್ಲಿ ನನಗೆ ಇಷ್ಟವಾದ ಕಾಲ ಇದೊಂದೇ. ಕೊಡೆ ಬೇಡ, ಜಿಗಣೆ ಕಾಟ ಇಲ್ಲ, ಕಾಫಿ ಕುಯ್ಲು ಇನ್ನೂ ಶುರುವಾಗಿರೋಲ್ಲ. ಬಿಸಿಲಿಗೆ ಬೆನ್ನು ಕೊಟ್ಟು ಜಗುಲಿ ಮೇಲೆ ಸುಮ್ಮನೆ ಕೂತರೂ ಯಾರೂ ಸೋಮಾರಿ ಅನ್ನೋಲ್ಲ. ಅನ್ನೋಕೆ ಮನೆಯಲ್ಲಿ ಯಾರಿದ್ದಾರೆ? ಮದುವೆಯಾಗದೆ ಉಳಿದವನು ನಾನು.

ಹಬ್ಬದ ಸಂಜೆ ಪ್ರತಿ ಮನೆಯವರೂ ಕೋಲಿಗೆ ಎಣ್ಣೆಬಟ್ಟೆ ಸುತ್ತಿದ ದೊಂದಿ ಹಚ್ಚಿಕೊಂಡು ತಮ್ಮ ಗದ್ದೆಗೆ ಹೋಗಿ, ಬದುವಿನ ಮೇಲೆ ನೆಟ್ಟು, "ದೀಪ್ ದೀಪೋಳ್ಗ್ಯೋ" ಅಂತ ಗಂಟಲು ಹರಿಯೋ ಹಾಗೆ ಕೂಗಬೇಕು. ಪಕ್ಕದ ಗದ್ದೆಯವರು ಅದಕ್ಕೆ ಓಗೊಡಬೇಕು. ನಾನು ಚಿಕ್ಕವನಿದ್ದಾಗ ಆ ಕೂಗು ಬಯಲಿನ ಈ ತುದಿಯಿಂದ ಹೊರಟು ಆ ತುದಿ ಮುಟ್ಟುತ್ತಿತ್ತು. ಆಮೇಲೆ ಆಳು ಸಿಗಲಿಲ್ಲ, ಆನೆ ಬಿಡಲಿಲ್ಲ. ಒಬ್ಬೊಬ್ಬರಾಗಿ ಗದ್ದೆ ಪಾಳು ಬಿಟ್ಟರು. ಕೊನೆಗೆ ಉಳಿದದ್ದು ಇಬ್ಬರೇ, ನಾನು ಮತ್ತು ಹಳ್ಳದಾಚೆಯ ಅಣ್ಣ. ಒಡಹುಟ್ಟಿದವನಲ್ಲ. ನನಗಿಂತ ದೊಡ್ಡವನು, ಬಾಯಿ ಜೋರು, ನನಗೆ ಈಜು ಕಲಿಸಿದವನು.

ಈ ವರ್ಷ ನಾಟಿ ಹೊತ್ತಿಗೆ ಅವನೂ ಕೈಚೆಲ್ಲಿದ. "ಸಾಕಾಗೋಯ್ತು ಕಣೋ. ನಾವು ಬೆಳೆಯೋದು, ಆನೆ ತಿನ್ನೋದು. ನೀನೂ ಬುಟ್ಬುಡು" ಅಂದ. ನನಗೆ ಪಿತ್ತ ನೆತ್ತಿಗೇರಿತು. "ಹೇಳೋಕೆ ನಾಚ್ಕೆ ಆಗಲ್ವಾ? ಈ ಬಯಲಲ್ಲಿ ನಾನೊಬ್ನೇ ದೆವ್ವದ ಥರ ಕೂತಿರ್ಲಾ?" ಅಂದುಬಿಟ್ಟೆ. ಅಲ್ಲಿಂದ ಮಾತಿಲ್ಲ. ಬೆಳಗೋಡಿನ ಬಸ್ಸಲ್ಲಿ ಎದುರುಬದುರು ಸಿಕ್ಕರೂ ಇಬ್ಬರೂ ಕಿಟಕಿ ಕಡೆ ನೋಡಿದೆವು.

ಹಬ್ಬದ ದಿನ ಸೌತೆಕಾಯಿ ತುರಿದು, ಅಕ್ಕಿ ತರಿ, ಬೆಲ್ಲ ಕಲಸಿ, ಬಾಳೆ ಎಲೆಯಲ್ಲಿ ಸುತ್ತಿ ಕಡುಬು ಬೇಯಿಸಿದೆ. ಒಬ್ಬನಿಗೆ ಎಷ್ಟು ಅನ್ನೋ ಅಂದಾಜು ಇವತ್ತಿಗೂ ಕೈಗೆ ಹತ್ತಿಲ್ಲ, ಪಾತ್ರೆ ತುಂಬಾ ಆಯಿತು. ಕತ್ತಲಾಗೋವಾಗ ಮೊಬೈಲಿಗೆ ಅರಣ್ಯ ಇಲಾಖೆಯವರ ಮೆಸೇಜು ಬಂತು: ಒಂಟಿ ಸಲಗ ನಮ್ಮ ಕಡೆ ಬಂದಿದೆ, ಹೊರಗೆ ಓಡಾಡಬೇಡಿ. ಬಂದರೆ ಬರಲಿ, ಅದಕ್ಕೆ ಹೆದರಿ ಹಬ್ಬ ಬಿಡೋಕಾಗುತ್ತಾ? ದೊಂದಿ ಹಿಡಿದು ಹೊರಟೆ. ನಿಜ ಹೇಳ್ತೀನಿ, ಆನೆಗಿಂತ ಹೆಚ್ಚು ಭಯ ಇದ್ದದ್ದು ಯಾರೂ ಓಗೊಡದೆ ಹೋದರೆ ಅಂತ.

ಕೂಗಿದೆ. ಕಪ್ಪೆಗಳು ಸುಮ್ಮನಾದವು, ಅಷ್ಟೇ. ಹಳ್ಳದಾಚೆ ಅವನ ಗದ್ದೆ ತುಂಬಾ ಕಳೆ, ಒಂದು ಬೆಳಕಿಲ್ಲ. ಇನ್ನೊಮ್ಮೆ ಕೂಗಿದೆ. ದನಿ ಒಡೆಯಿತು. ಅಯ್ಯೋ, ಇಷ್ಟು ದೊಡ್ಡ ಬಯಲಿಗೆ ನನ್ನದೊಂದೇ ದೀಪ! ಅನಾಥ ಅನ್ನಿಸಿತು, ಸುಮ್ಮನೆ ಯಾಕೆ ಮುಚ್ಚಿಡಲಿ. ಮುಂದಿನ ವರ್ಷ ನಾನೂ ನಾಟಿ ಮಾಡೋಲ್ಲ, ಯಾರಿಗೋಸ್ಕರ ಮಾಡಬೇಕು ಅಂದುಕೊಂಡು ತಿರುಗಿದೆ.

ಆಗ ಹಳ್ಳದಾಚೆ ಗುಡ್ಡದ ಮೇಲಿನ ಅಣ್ಣನ ಮನೆ ಅಂಗಳದಿಂದ ಅವನ ದನಿ ಕೇಳಿಸಿತು.

"ಲೋ ಮುಠ್ಠಾಳ! ಆನೆ ಐತೆ ಕಣೋ! ಮನೆಗೋಗಿ ಸಾಯಿ ಮಾರಾಯ!"

ಹಬ್ಬದ ಕೂಗಲ್ಲ, ಬೈಗುಳ. ಆದರೂ ನಾಟಿ ಆದಮೇಲೆ ಅವನು ನನಗೆ ಆಡಿದ ಮೊದಲ ಮಾತು ಅದು. ಕಣ್ಣು ತುಂಬಿಬಂತು. ಮನೆಗೆ ಹೋಗಬೇಕಿತ್ತು, ಹೋಗಲಿಲ್ಲ. ಇನ್ನೊಂದು ಸಲ ಬೈಯಲಿ ಅಂತ ಅಲ್ಲೇ ನಿಂತು ಮತ್ತೆ ಕೂಗಿದೆ.